ಹಿಪ್ ರಿಸರ್ಫೇಸಿಂಗ್: ಮೂಳೆ ವೈದ್ಯರೊಂದಿಗೆ ಪ್ರಶ್ನೋತ್ತರ

ಸದಸ್ಯರು, ಕುಂಬಳೆ: ಡಾಕ್ಟ್ರೇ, ಹಿಪ್ ರಿಸರ್ಫೇಸಿಂಗ್ ಎಂದರೆ ಸೊಂಟದ ಕೀಲು ಬದಲಿಸುವುದೇ? ಊರುಗೋಲು ಎಷ್ಟು ದಿನ ಬೇಕು?

ವೈದ್ಯರು: ಪೂರ್ತಿ ಬದಲಿಸುವಾಗ ತೊಡೆಮೂಳೆಯ ತಲೆಯನ್ನು ಕತ್ತರಿಸಿ ತೆಗೆಯುತ್ತೇವೆ. ರಿಸರ್ಫೇಸಿಂಗಿನಲ್ಲಿ ತಲೆಯನ್ನು ಉಳಿಸಿ, ಹೆರೆದು, ಕೋಬಾಲ್ಟ್-ಕ್ರೋಮಿಯಂ ಲೋಹದ ಟೋಪಿ ತೊಡಿಸಿ, ಸೊಂಟದ ಬಟ್ಟಲಿಗೂ ಅದೇ ಲೋಹದ ಹೊದಿಕೆ ಕೂರಿಸುತ್ತಾರೆ. ಊರುಗೋಲು ಬಿಡುವ ದಿನವನ್ನು ಶಸ್ತ್ರಚಿಕಿತ್ಸೆ ಮಾಡಿದವರೇ ಹೇಳಬೇಕು.

ಸದಸ್ಯರು, ಮುಳ್ಳೇರಿಯ: ನನ್ನ ಅಣ್ಣನಿಗೆ 52 ವರ್ಷ, ರಿಸರ್ಫೇಸಿಂಗ್ ಆಗಿ ಆರು ವಾರವಾಯಿತು. ಊರುಗೋಲು ಬಿಟ್ಟು ತೋಟದ ಕಣಿ ದಾಟಿದ ಮೇಲೆ, ಕಾಲೂರಿದಾಗಲೆಲ್ಲ ತೊಡೆಸಂದಿನಲ್ಲಿ ನೋವು ಎನ್ನುತ್ತಾರೆ. ಇದೇ ಗುಂಪಿಗೆ ಬಂದ ಬೆಳ್ಳುಳ್ಳಿ ಎಣ್ಣೆಯನ್ನು ಅತ್ತಿಗೆ ದಿನವೂ ತಿಕ್ಕುತ್ತಿದ್ದಾರೆ.

ವೈದ್ಯರು: ತಿಕ್ಕುವುದನ್ನು ಈಗಲೇ ನಿಲ್ಲಿಸಿ, ಆ ಕಾಲಿನ ಮೇಲೆ ಭಾರ ಹಾಕಲು ಬಿಡದೆ, ಇಂದೇ ಎಕ್ಸ್-ರೇ ಮಾಡಿಸಿರಿ. ಟೋಪಿಯ ಕೆಳಗಿರುವ ತೊಡೆಮೂಳೆಯ ಕತ್ತು ಅವರ ಸ್ವಂತ ಮೂಳೆಯೇ ಆದುದರಿಂದ, ಮೊದಲ ಕೆಲವು ತಿಂಗಳಲ್ಲಿ ಅದು ಮುರಿಯುವ ಅಪಾಯ ಈ ಶಸ್ತ್ರಚಿಕಿತ್ಸೆಗೇ ವಿಶಿಷ್ಟವಾದುದು. ಪೂರ್ತಿ ಬದಲಿಸಿದವರಿಗೆ ಆ ಕತ್ತೇ ಉಳಿದಿರುವುದಿಲ್ಲ. ನಡೆಯುತ್ತಿದ್ದವರಿಗೆ ತೊಡೆಸಂದಿನಲ್ಲಿ ಹೊಸದಾಗಿ ನೋವು ಬಂದರೆ, ಬೇರೇನೆಂದು ಖಚಿತವಾಗುವವರೆಗೂ ನಾನು ಅದನ್ನು ಮುರಿತವೆಂದೇ ಭಾವಿಸುತ್ತೇನೆ. ಮೊದಲ ಎಕ್ಸ್-ರೇಯಲ್ಲಿ ಸಣ್ಣ ಬಿರುಕು ಕಾಣದೆಯೂ ಹೋಗಬಹುದು. ಆದ್ದರಿಂದ ಪಟ ಚೆನ್ನಾಗಿದೆ ಎಂದು ಮನೆಗೆ ಮರಳದೆ ಸರ್ಜನರನ್ನೇ ಕಾಣಿರಿ. ಮೀನಖಂಡದಲ್ಲಿ ಊತವಿದೆಯೇ? ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ತಿಕ್ಕಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಎಣ್ಣೆಯ ಸಂದೇಶವನ್ನು ಹಂಚಿದವರು ಇದನ್ನೂ ಹಂಚಲಿ.

ಸದಸ್ಯರು, ಮಂಜೇಶ್ವರ: ನನಗೆ 34 ವರ್ಷ, ಮದುವೆಯಾಗಿದೆ. ನಾನು ಮಾಡಿಸಿಕೊಳ್ಳಬಹುದೇ ಸರ್?

ವೈದ್ಯರು: ಬೇಡಮ್ಮ. ಲೋಹದ ಅಂಶ ರಕ್ತಕ್ಕೆ ಸೇರುವುದರಿಂದ ಗರ್ಭ ಧರಿಸುವ ವಯಸ್ಸಿನವರಿಗೆ ಇದು ತಕ್ಕುದಲ್ಲ. ಮೂತ್ರಪಿಂಡದ ಕಾಯಿಲೆಯಿದ್ದವರಿಗೂ ಅಲ್ಲ. ಬರ್ಮಿಂಗ್‌ಹ್ಯಾಮ್ ಎಂಬ ರಿಸರ್ಫೇಸಿಂಗ್ ಕೀಲಿನ ಮಾದರಿಯನ್ನು ಮಹಿಳೆಯರಿಗೆ ಬಳಸಬಾರದೆಂದು 2015ರಲ್ಲಿ ಅದರ ತಯಾರಕರೇ ಹೇಳಿ, ಟೋಪಿಯ 46 ಮಿಲಿಮೀಟರ್ ಮತ್ತು ಅದಕ್ಕಿಂತ ಚಿಕ್ಕ ಅಳತೆಗಳನ್ನು ಹಿಂದೆಗೆದುಕೊಂಡರು.

ಸದಸ್ಯರು, ಪೆರ್ಲ: ಕಾರುಣ್ಯ ವಿಮೆಯಲ್ಲಿ ಇದಕ್ಕೆ ಹಣ ಸಿಗುತ್ತದೆಯೇ?

ಸದಸ್ಯರು, ಬದಿಯಡ್ಕ: ಹಿಂದೆಗೆದುಕೊಂಡ ಸರಕನ್ನೇ ನಮಗೆ ಕೂರಿಸುತ್ತಾರೆ. 2010ರಲ್ಲೇ ಇದನ್ನು ಲೋಕವೆಲ್ಲ ನಿಷೇಧಿಸಿತ್ತು.

ಸದಸ್ಯರು, ಉಪ್ಪಳ: ಮಾಸ್ಟ್ರೇ, ನಿಷೇಧವಾಗಿದ್ದರೆ ಟೆನಿಸ್ ಆಟಗಾರ ಆಂಡಿ ಮರ್ರೆ 2019ರ ಜನವರಿಯಲ್ಲಿ ಮಾಡಿಸಿಕೊಂಡು, ಅದೇ ಅಕ್ಟೋಬರಿನಲ್ಲಿ ಆಂಟ್ವರ್ಪ್ ಟೂರ್ನಿ ಗೆದ್ದದ್ದು ಹೇಗೆ?

ಸದಸ್ಯರು, ಬದಿಯಡ್ಕ: ಅವನಿಗೆ ದುಡ್ಡಿದೆ. ನಿಮಗೆ ಆಸ್ಪತ್ರೆಯವರಿಂದ ಏನು ಸಿಗುತ್ತದೆ?

ಸದಸ್ಯರು, ಉಪ್ಪಳ: ಮಾತಿನಲ್ಲಿ ಹಿಡಿತವಿರಲಿ. ಆ ಬೆಳ್ಳುಳ್ಳಿ ಎಣ್ಣೆಯನ್ನು ಇಲ್ಲಿಗೆ ಕಳುಹಿಸಿದವರು ನೀವೇ ಅಲ್ಲವೇ?

ವೈದ್ಯರು: 2010ರಲ್ಲಿ ಹಿಂದೆಗೆದುಕೊಂಡದ್ದು ಎಎಸ್ಆರ್ ಎಂಬ ಬೇರೊಂದು ಕೀಲಿನ ಮಾದರಿಯನ್ನು, ಶಸ್ತ್ರಚಿಕಿತ್ಸೆಯನ್ನು ಯಾರೂ ನಿಷೇಧಿಸಲಿಲ್ಲ. ಮಾಡಿಸಿಕೊಂಡವರು ತಮ್ಮ ಕೀಲಿನ ಮಾದರಿ, ಅಳತೆಗಳಿರುವ ಚೀಟಿಯನ್ನು ಕಾಪಾಡಿಕೊಂಡು, ಹೇಳಿದ ಸಮಯಕ್ಕೆ ರಕ್ತದಲ್ಲಿನ ಕೋಬಾಲ್ಟ್, ಕ್ರೋಮಿಯಂ ಪರೀಕ್ಷೆ ಮಾಡಿಸಬೇಕು. ನೋವಿಲ್ಲದಿದ್ದರೂ ಮಾಡಿಸಬೇಕು. ಜಗಳವನ್ನು ಬೇರೆಡೆ ಆಡಿರಿ.

ಸದಸ್ಯರು, ನೀರ್ಚಾಲು: ಊರುಗೋಲು ಎಷ್ಟು ದಿನ ಬೇಕು ಡಾಕ್ಟ್ರೇ?

ವೈದ್ಯರು: ಮೇಲೆ ಓದಿರಿ.

ಸದಸ್ಯರು, ಬದಿಯಡ್ಕ: ಎಣ್ಣೆಯಿಂದ ಮೂಳೆ ಮುರಿದವರನ್ನು ನಾನು ಕಂಡಿಲ್ಲ.

ಸದಸ್ಯರು, ಮುಳ್ಳೇರಿಯ: ಎಕ್ಸ್-ರೇ ಆಯಿತು ಡಾಕ್ಟ್ರೇ. ತೆಗೆದವರು ತೊಂದರೆಯಿಲ್ಲ ಎನ್ನುತ್ತಾರೆ. ಪಟವನ್ನು ಇಲ್ಲಿ ಹಾಕಲೇ?

ವೈದ್ಯರು: ಬೇಡ. ಅಣ್ಣನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಪಟದೊಂದಿಗೆ ಶಸ್ತ್ರಚಿಕಿತ್ಸೆ ಮಾಡಿದವರ ಬಳಿಗೆ ಇಂದೇ ಕರೆದೊಯ್ಯಿರಿ.