ಸ್ಕೂಟರ್ ಆಯಿಲ್ ಸೋರಿಕೆ: ಎಂಜಿನ್ ಬಿಚ್ಚಲೇಬೇಕಾ?

ಪ್ರಶ್ನೆ: 110 ಸಿಸಿ ಗೇರ್‌ಲೆಸ್ ಸ್ಕೂಟರ್. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಮೂರ್ನಾಲ್ಕು ಹನಿ ಆಯಿಲ್ ಬಿದ್ದಿರುತ್ತೆ. ಹಳೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ವಾಷರ್ ಬದಲಾಯಿಸಿದರೂ ನಿಂತಿಲ್ಲ. ಎಂಜಿನ್ ಬಿಚ್ಚಬೇಕು ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅದಕ್ಕೂ ಮೊದಲು ಏನೇನು ನೋಡಬೇಕು? ಗೊತ್ತಿರುವವರು ತಿಳಿಸಿ.

ಉತ್ತರ 1: ಈಗಲೇ ಬಿಚ್ಚಿಸಬೇಡಿ ಸರ್. ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಎಲ್ಲಿಂದಲೇ ಇಳಿದರೂ ಆಯಿಲ್ ಎಂಜಿನ್ ಕೇಸಿನ ಅಂಚು ಹಿಡಿದು ಹರಿದು, ಹೆಚ್ಚಾಗಿ ತೀರಾ ಕೆಳಗಿರುವ ಡ್ರೈನ್ ಬೋಲ್ಟಿನ ತಲೆಯಿಂದ ತೊಟ್ಟಿಕ್ಕುತ್ತೆ. ಎಂಜಿನ್ ಪೂರ್ತಿ ತಣಿದ ಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬ್ರಷ್‌ನಿಂದ ಜಿಡ್ಡು ತೆಗೆಯಿರಿ. ಪೆಟ್ರೋಲ್ ಬೇಡ, ಬೆಂಕಿಯ ಅಪಾಯ. ಟೈರ್, ಬ್ರೇಕ್ ಕಡೆ ಸಿಡಿಯದಂತೆ ನೋಡಿಕೊಳ್ಳಿ. ಒಣ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಟಾಲ್ಕಂ ಪೌಡರ್ ಉದುರಿಸಿ ನಾಲ್ಕೈದು ಕಿಲೋಮೀಟರ್ ಓಡಿಸಿ. ಬಿಳಿ ಪುಡಿಯ ಮೇಲೆ ಕಂದು ಗೆರೆ ಮೂಡಿರುತ್ತೆ. ಆ ಗೆರೆಯ ಮೇಲ್ತುದಿಯೇ ಸೋರುವ ಜಾಗ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುವುದರಿಂದ ಮುಂದಿನಿಂದ ಹಿಂದಕ್ಕೆ ನೋಡುತ್ತಾ ಬನ್ನಿ.

ಉತ್ತರ 2: ಆಯಿಲ್ ಮಟ್ಟವನ್ನೂ ನೋಡಿ. ಎಂಜಿನ್ 3 ನಿಮಿಷ ಓಡಿಸಿ, ಆಫ್ ಮಾಡಿ, ಮತ್ತೆ 3 ನಿಮಿಷ ಬಿಟ್ಟು, ಸೆಂಟರ್ ಸ್ಟ್ಯಾಂಡ್ ಮೇಲೆ ಡಿಪ್ ಸ್ಟಿಕ್ ಹಾಕಿ. ಬಹುತೇಕ ಮಾಡೆಲ್‌ಗಳಲ್ಲಿ ಅದನ್ನು ತಿರುಗಿಸದೆ ಸುಮ್ಮನೆ ಇಳಿಸಿ ಅಳೆಯಬೇಕು, ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತೆ. 700 ಮಿ.ಲೀ. ಹಿಡಿಯುವ ಎಂಜಿನ್‌ಗೆ 1 ಲೀಟರ್ ಡಬ್ಬಿ ಪೂರ್ತಿ ಸುರಿದುಬಿಟ್ಟರೆ ಹೆಚ್ಚಾದ ಆಯಿಲ್ ಬ್ರೀದರ್ ಪೈಪಿನಲ್ಲಿ (ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಪೈಪ್) ಏರ್ ಫಿಲ್ಟರ್ ಬಾಕ್ಸಿಗೆ ಹೋಗಿ ಅಲ್ಲಿಂದ ಸೋರುತ್ತೆ. ಅದಕ್ಕೆ ಮದ್ದು ಹೆಚ್ಚಿನ ಆಯಿಲ್ ತೆಗೆಯುವುದಷ್ಟೇ. ಬ್ರೀದರ್ ಪೈಪ್ ಮಡಚಿದ್ದರೂ ಕಟ್ಟಿಕೊಂಡಿದ್ದರೂ ಒಳಗಿನ ಒತ್ತಡ ಸೀಲುಗಳ (ಆಯಿಲ್ ತಡೆಯುವ ರಬ್ಬರ್ ಬಳೆಗಳು) ಮೇಲೆ ಬೀಳುತ್ತೆ. ಹಾಗಿದ್ದಾಗ ಹೊಸ ಸೀಲ್ ಹಾಕಿದರೂ ಬಾಳಿಕೆ ಬರಲ್ಲ.

ಡ್ರೈನ್ ಬೋಲ್ಟಿಗೆ ಹಳೇ ವಾಷರ್ ಮೇಲೆ ಹೊಸದು ಕೂರಿಸಿದ್ದಾರಾ ನೋಡಿ. ಹಳೆಯದು ಕೇಸಿಗೆ ಅಂಟಿಕೊಂಡಿರುತ್ತೆ, ಕಣ್ಣಿಗೆ ಬೀಳಲ್ಲ. ಸೋರುತ್ತೆ ಅಂತ ಬಲ ಹಾಕಿ ಬಿಗಿ ಮಾಡಬೇಡಿ, ಅಲ್ಯೂಮಿನಿಯಂ ಕೇಸಿನ ಥ್ರೆಡ್ ಕಿತ್ತುಬರುತ್ತೆ. ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ (ಬಿಗಿ ಮಾಡುವ ಬಲದ ಅಳತೆ) ಸಾಕು.

ಉತ್ತರ 3: ಎಡಗಡೆ ಬೆಲ್ಟ್ ಕವರಿನ ಕೆಳಗೆ ಒದ್ದೆಯಿದ್ದರೆ ತಡಮಾಡಬೇಡಿ. ಕವರ್ ಬಿಚ್ಚಿ, ಮುಂದಿನ ವೇರಿಯೇಟರ್ (ಬೆಲ್ಟ್ ತಿರುಗಿಸುವ ಪುಲ್ಲಿ) ಹಿಂದೆ ಒದ್ದೆಯಿದ್ದರೆ ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟಿನ ಆಯಿಲ್ ಸೀಲ್ ಹೋಗಿದೆ. ಹಿಂದಿನ ಕ್ಲಚ್ ಕಡೆ ಇದ್ದರೆ ಗೇರ್ ಬಾಕ್ಸ್ ಸೀಲ್. ಅದು ಗೇರ್ ಆಯಿಲ್, ಒಟ್ಟು ಇರುವುದೇ ಸುಮಾರು 100 ಮಿ.ಲೀ. ಸ್ವಲ್ಪ ಸೋರಿದರೂ ಗೇರ್ ಸವೆಯುತ್ತೆ.

ಕ್ರ್ಯಾಂಕ್ ಸೀಲ್ ಬದಲಿಸಲು ಎಂಜಿನ್ ಇಳಿಸಬೇಕಿಲ್ಲ. ವೇರಿಯೇಟರ್ ನಟ್ ಬಿಚ್ಚುವಾಗ ಹೋಲ್ಡರ್ ಬಳಸಿ. ಫ್ಯಾನ್ ರೆಕ್ಕೆಗೆ ಸ್ಕ್ರೂಡ್ರೈವರ್ ಕೊಟ್ಟು ತಡೆದರೆ ರೆಕ್ಕೆ ಮುರಿಯುತ್ತೆ. ಹಳೇ ಸೀಲನ್ನು ಕೊಕ್ಕೆಯಿಂದ ಎಳೆಯುವಾಗ ಶಾಫ್ಟಿಗೆ ಗೀರು ಬೀಳಬಾರದು, ಬಿದ್ದರೆ ಹೊಸ ಸೀಲೂ ಸೋರುತ್ತೆ. ಶಾಫ್ಟಿನ ಹಲ್ಲುಗಳ ಮೇಲೆ ಟೇಪ್ ಸುತ್ತಿ, ಸೀಲಿನ ತುಟಿಗೆ ಆಯಿಲ್ ಸವರಿ, ಸ್ಪ್ರಿಂಗ್ ಇರುವ ಮುಖ ಎಂಜಿನ್ ಕಡೆಗಿಟ್ಟು, ಸೀಲಿನಷ್ಟೇ ಅಗಲದ ಸಾಕೆಟ್ ಇಟ್ಟು ಸಮನಾಗಿ ತಟ್ಟಿ. ಆಯಿಲ್ ಕುಡಿದ ಬೆಲ್ಟ್ ತೊಳೆದು ಹಾಕಬೇಡಿ, ಬದಲಿಸಿ.

ಪ್ರಶ್ನೆ ಕೇಳಿದವರು: ಪೌಡರ್ ಹಾಕಿ ನೋಡಿದೆ. ಬೆಲ್ಟ್ ಕಡೆ ಒಣಗಿದೆ. ಗೆರೆ ಶುರುವಾಗಿದ್ದು ಮುಂದೆ, ಟ್ಯಾಪೆಟ್ ಕವರಿನ (ಎಂಜಿನ್ ಹೆಡ್ಡಿನ ಮುಚ್ಚಳ) ಕೆಳ ಅಂಚಿನಲ್ಲಿ. ಬೋಲ್ಟ್ ಬಿಗಿ ಮಾಡಿದರೆ ಸಾಕಾ?

ಉತ್ತರ 1: ಸಾಕಾಗಲ್ಲ. ಆ ಕವರಿಗೂ ಹೆಡ್ಡಿಗೂ ನಡುವೆ ಕೂರುವ ರಬ್ಬರ್ ಗ್ಯಾಸ್ಕೆಟ್ ಬಿಸಿಗೆ ಗಟ್ಟಿಯಾಗಿರುತ್ತೆ, ಉಗುರು ಒತ್ತಿದರೆ ತಗ್ಗಲ್ಲ. ಹೊಸದು ಹಾಕಿ. ಗ್ಯಾಸ್ಕೆಟ್ ಕೂರುವ ಕವರಿನ ತೋಡು, ಹೆಡ್ಡಿನ ಮುಖ ಎರಡನ್ನೂ ಒರೆಸಿ. ಬ್ಲೇಡಿನಿಂದ ಕೆರೆಯಬೇಡಿ. ಬೋಲ್ಟುಗಳ ಕೆಳಗಿನ ರಬ್ಬರ್ ವಾಷರ್‌ಗಳನ್ನೂ ಜೊತೆಗೇ ಬದಲಿಸಿ. ಕವರ್ ಕೂರಿಸುವಾಗ ಗ್ಯಾಸ್ಕೆಟ್ ತೋಡಿನಿಂದ ಜಾರಿ ಮಡಚಿಕೊಳ್ಳುವುದು ಕೆಳ ಅಂಚಿನಲ್ಲೇ, ಬೆರಳಾಡಿಸಿ ನೋಡಿಕೊಳ್ಳಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. 6 ಮಿ.ಮೀ. ಬೋಲ್ಟಿಗೆ 10 ನ್ಯೂಟನ್ ಮೀಟರ್ ಸಾಕು.

ಉತ್ತರ 2: ಸಿಲಿಕಾನ್ ಪೇಸ್ಟ್ ಬಳಿಯಲು ಬಿಡಬೇಡಿ. ಒಳಕ್ಕೆ ಉಬ್ಬಿದ ಪೇಸ್ಟ್ ಕಿತ್ತುಬಂದು ಆಯಿಲ್ ಜಾಲರಿಯಲ್ಲಿ ಸಿಕ್ಕಿಕೊಂಡರೆ ವಾಲ್ವ್ ತೆರೆಯುವ ಕ್ಯಾಮ್‌ಗೆ ಆಯಿಲ್ ಹೋಗಲ್ಲ. ಕೆಲಸ ಮುಗಿದ ಮೇಲೆ ಮತ್ತೆ ಒರೆಸಿ, ಪೌಡರ್ ಹಾಕಿ, ಓಡಿಸಿ ನೋಡಿ.