ಅಪ್ಪನ ರಕ್ತದಿಂದ ಮಿದುಳಿನ ಕೋಶ ಬೆಳೆಸುತ್ತಾರಂತೆ, ಕೊಡಬಹುದಾ?

ಇಳಕಲ್ ಮಗ್ಗ:
ನಮಸ್ಕಾರ ರೀ. ಅಪ್ಪನಿಗೆ 63 ವರ್ಷ. ಹುಡುಗನಿದ್ದಾಗಿಂದ ಇಳಕಲ್ ಸೀರೆ ನೇಯ್ದವರು. ಮೈಯ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕಿ ಕೂಡಿಸೋದರಲ್ಲಿ ಅವರ ಕೈ ನಮ್ಮ ಓಣಿಗೇ ಹೆಸರು. ಈಗ ಸುಮ್ನೆ ಕೂತಾಗಲೂ ಬಲಗೈ ಹೆಬ್ಬೆರಳು ನೂಲು ಹೊಸೆದ ಹಾಗೆ ಆಡುತ್ತದೆ. ಡಾಕ್ಟರು ಪಾರ್ಕಿನ್ಸನ್ಸ್, ಅಂದರೆ ನಡುಕ ತರುವ ಮಿದುಳಿನ ಕಾಯಿಲೆ ಅಂದರು. ಬೆಂಗಳೂರಿನ ಲ್ಯಾಬಿಗೆ ರಕ್ತ ಕೊಡುತ್ತೀರಾ, ಅದರಿಂದ ಮಿದುಳಿನ ಕೋಶ ಬೆಳೆಸುತ್ತೇವೆ ಅಂತ ಕೇಳಿದ್ದಾರೆ. "ನನ್ನ ಕೈ ನೆಟ್ಟಗಾಗುತ್ತದಾ ಕೇಳು" ಅಂತಾರೆ ಅಪ್ಪ. ಏನು ಹೇಳಲಿ?

ವಿಜಯಪುರದವಳು:
ಅಣ್ಣಾರೆ, ಮೊದಲು ಖರೆ ಹೇಳಿಬಿಡಿ. ಇದರಿಂದ ಅವರ ಕೈ ಸರಿಹೋಗುವುದಿಲ್ಲ. ನಾನು ಎರಡು ವರ್ಷ ಇದೇ ಕೆಲಸ ಮಾಡಿದ್ದೇನೆ.

ಬದುಕಿರುವವರ ಮಿದುಳು ಕತ್ತರಿಸಿ ನೋಡೋಕೆ ಆಗಲ್ಲ, ಅಲ್ವಾ? ಅದಕ್ಕೇ ಈ ದಾರಿ. ಜಪಾನಿನ ಶಿನ್ಯಾ ಯಮನಾಕಾ ನಾಲ್ಕೇ ಜೀನ್ ಸೇರಿಸಿ ಚರ್ಮದ ಕೋಶವನ್ನು ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲಕೋಶ ಮಾಡಿದರು. 2006ರಲ್ಲಿ ಇಲಿಯದು, 2007ರಲ್ಲಿ ಮನುಷ್ಯರದು. 2012ರಲ್ಲಿ ನೊಬೆಲ್ ಬಂತು. ಈಗ ರಕ್ತದಿಂದಲೂ ಮಾಡುತ್ತಾರೆ. ಆ ಸ್ಟೆಮ್ ಸೆಲ್‌ಗಳನ್ನು ವಾರಗಟ್ಟಲೆ ಸಾಕಿ, ಮೈಯ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶ ಮಾಡುತ್ತೇವೆ. ಪಾರ್ಕಿನ್ಸನ್ಸ್‌ನಲ್ಲಿ ಸಾಯುವುದು ಅವೇ. 37 ಡಿಗ್ರಿ ಬಿಸಿಯಲ್ಲಿಡಬೇಕು. ಭಾನುವಾರವೂ ಹೋಗಿ ಗುಲಾಬಿ ಬಣ್ಣದ ಮೀಡಿಯಾ, ಅಂದರೆ ಕೋಶ ಸಾಕುವ ಪೋಷಕ ದ್ರವ ಬದಲಿಸಬೇಕು. ಕೋಶಗಳಿಂದ ಸಣ್ಣ ಎಳೆ ಹೊರಟು ಒಂದನ್ನೊಂದು ಮುಟ್ಟಿದ್ದನ್ನು ಮೊದಲ ಸಲ ಕಂಡ ದಿನ ನಾನು ಊಟಕ್ಕೇ ಏಳಲಿಲ್ಲ.

ಒಂದು ತೊಡಕಿದೆ. ಹೀಗೆ ಮಾಡಿದಾಗ 63ರ ಕೋಶ ಮತ್ತೆ ಕೂಸಾಗುತ್ತದೆ. ಮುಪ್ಪಿನ ಕಾಯಿಲೆ ಅದರಲ್ಲಿ ಬೇಗ ಕಾಣಲ್ಲ. ಅದಕ್ಕೇ ಕಾಯಿಲೆ ಇಲ್ಲದ ಅಣ್ಣತಮ್ಮಂದಿರ ರಕ್ತವನ್ನೂ ಕೇಳುತ್ತಾರೆ, ಹೋಲಿಸಿ ನೋಡೋಕೆ.

ಸಮ್ಮತಿ ಪತ್ರ ಕನ್ನಡದಲ್ಲೇ ಕೇಳಿ. ಕೋಶ ಎಷ್ಟು ವರ್ಷ ಇಡುತ್ತಾರೆ, ಹೆಸರು ಗುಟ್ಟಾಗಿರುತ್ತದಾ, ಬೇಡ ಅನಿಸಿದರೆ ಹಿಂದೆ ಸರಿಯಬಹುದಾ ಅಂತ ಓದಿಸಿಕೊಳ್ಳಿ. ಮಾತ್ರೆ ಮಾತ್ರ ಬಿಡಿಸಬೇಡಿ.

ಬಾಗಲಕೋಟೆ ಬಸು:
ತಮ್ಮಾ, ರಕ್ತ ಕೊಡೋದು ಬೇರೆ, ಸ್ಟೆಮ್ ಸೆಲ್ ಇಂಜೆಕ್ಷನ್ ಬೇರೆ. ನಮ್ಮ ಕಾಕಾಗೆ ಒಂದು ಕಡೆ ಎರಡು ಲಕ್ಷ ತೆಗೆದುಕೊಂಡು ಚುಚ್ಚಿದರು. ನಡುಕ ಒಂದಿಷ್ಟೂ ಕಡಿಮೆಯಾಗಲಿಲ್ಲ, ಹೊಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಸ್ಟೆಮ್ ಸೆಲ್ ಮಾರ್ಗಸೂಚಿ ಆಮೇಲೆ ಓದಿದೆ. ರಕ್ತದ ಕಾಯಿಲೆಯಂಥ ಕೆಲವಕ್ಕೆ ಬಿಟ್ಟರೆ ಅದು ಇನ್ನೂ ಪ್ರಯೋಗವೇ. ಯಾರಾದರೂ ರೊಕ್ಕ ಕೇಳಿದರೆ ಎದ್ದು ಬನ್ನಿ.

ಇಳಕಲ್ ಮಗ್ಗ:
ಅಕ್ಕಾರೆ, ಎಲ್ಲ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ಕೋಶಗಳೂ ಹಿಂಗೇ ನಡುಗುತ್ತವೇನು?" ಅಂದರು.

ವಿಜಯಪುರದವಳು:
ಇಲ್ಲ ಅಂತ ಹೇಳಿ. ತಟ್ಟೆಯಲ್ಲಿ ಅವು ಅಲುಗಲ್ಲ, ಸಣ್ಣ ವಿದ್ಯುತ್ ಮಿಡಿತ ಅಷ್ಟೇ ಕಳಿಸುತ್ತವೆ. ನಡುಕ ಬರೋದು ಮಿದುಳಿನ ಇಡೀ ಜಾಲ ತಪ್ಪಿದಾಗ.

ಇಳಕಲ್ ಮಗ್ಗ:
ಹೇಳಿದೆ ರೀ. ಸೋಮವಾರ ಹೊರಟಿದ್ದೇವೆ. ಚಿಕ್ಕಪ್ಪನೂ ಬರುತ್ತಾನೆ.