ರಿಪೇರಿ ಕೆಲಸದ ಜಾಲತಾಣಕ್ಕೆ ವಾರಕ್ಕೆರಡು ಲೇಖನ ಬೇಕೇ?

ಸೂಜಿದಾರ:
ನನ್ನದು ಹೊಲಿಗೆ ಯಂತ್ರ ರಿಪೇರಿಯ ಕೆಲಸ. 2019ರಲ್ಲಿ ಪರಿಚಯದವರೊಬ್ಬರು ವರ್ಡ್‌ಪ್ರೆಸ್ ಎಂಬ ಜಾಲತಾಣ ಕಟ್ಟುವ ತಂತ್ರಾಂಶದಲ್ಲಿ ಐದು ಪುಟದ ಜಾಲತಾಣ ಮಾಡಿಕೊಟ್ಟರು. ಅಂದಿನಿಂದ ಅದರತ್ತ ತಿರುಗಿ ನೋಡಿಲ್ಲ. ಹೋದ ಸೋಮವಾರ ಒಬ್ಬರು ಹಳೆಯ ಯಂತ್ರವೊಂದನ್ನು ಹೊತ್ತು ತಂದು, ಬಾಗಿಲಿಗೆ ಬೀಗ ಕಂಡು, ಮತ್ತೆ ಹೊತ್ತುಕೊಂಡು ಹೋದರಂತೆ. ಸೋಮವಾರ ರಜೆ ಮಾಡತೊಡಗಿ ಎರಡು ವರ್ಷವಾಯಿತು. ಜಾಲತಾಣ ಮಾತ್ರ ಇನ್ನೂ ‘ವಾರದ ಏಳೂ ದಿನ’ ಎನ್ನುತ್ತಿದೆ. ಫೋನಿನಲ್ಲಿ ಚೆನ್ನಾಗಿ ಬೈದರು. ಎರಕದ ಕಬ್ಬಿಣದ ಯಂತ್ರ ಹೊತ್ತವರಿಗೆ ಬೈಯುವ ಹಕ್ಕಿದೆ.

ನಾಚಿಕೆಯಾಗಿ ಜಾಲತಾಣ ನೋಡಿಕೊಳ್ಳುವವರೊಬ್ಬರನ್ನು ವಿಚಾರಿಸಿದೆ. ವಾರಕ್ಕೆರಡು ಲೇಖನ ಹಾಕದಿದ್ದರೆ ಗೂಗಲ್ ನಿಮ್ಮನ್ನು ಮರೆಯುತ್ತದೆ ಎಂದರು. ಬಾಬಿನ್ (ಯಂತ್ರದ ಅಡಿಯ ದಾರ ಸುತ್ತಿಡುವ ಉರುಳೆ) ಕುರಿತು ವರ್ಷಕ್ಕೆ ನೂರು ಲೇಖನ! ನಾನೇ ಓದುವುದಿಲ್ಲ. ಪುಟದ ಮೇಲಿನ ದಿನಾಂಕವನ್ನು ಆಗಾಗ ಬದಲಿಸುತ್ತಿದ್ದರೆ ಸಾಲದೇ? ತಿಂಗಳಿಗೆ ಒಂದು ಗಂಟೆ ಕೊಡಬಲ್ಲೆ, ಅಷ್ಟೇ.

ಹಳೆಕೀಲಿಮಣೆ:
ದಿನಾಂಕದ ಆಟ ಬೇಡ. ಒಳಗಿನ ಮಾತು ಹಳೆಯದೇ ಇದ್ದು ತಾರೀಕು ಮಾತ್ರ ಹೊಸದಾಗುವುದನ್ನು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ತಪ್ಪೆಂದು ಎತ್ತಿ ಹೇಳಿದೆ. ಸೈಟ್‌ಮ್ಯಾಪ್‌ನಲ್ಲಿ, ಅಂದರೆ ಹುಡುಕುತಾಣಗಳಿಗೆಂದು ಇಡುವ ಪುಟಗಳ ಪಟ್ಟಿಯಲ್ಲಿ, ಬರೆಯುವ ಕೊನೆಯ ಬದಲಾವಣೆಯ ದಿನಾಂಕವನ್ನೂ ಅದು ಸದಾ ನಿಜವಾಗಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಹೊಸದನ್ನು ಬರೆಯುವ ಮೊದಲು ಇರುವ ಸುಳ್ಳುಗಳನ್ನು ಹಿಡಿಯಿರಿ. ಮೊದಲ ಸಲ ಬಂದ ಗ್ರಾಹಕರಂತೆ ಐದೂ ಪುಟಗಳನ್ನು ಮೊಬೈಲ್‌ನಲ್ಲೇ ಓದಿ: ವೇಳೆ, ಫೋನ್ ಸಂಖ್ಯೆ, ನೀವು ಈಗ ಮಾಡದ ಕೆಲಸಗಳು. ಸಂಪರ್ಕದ ನಮೂನೆಯನ್ನು ತುಂಬಿ ನಿಮಗೇ ಕಳುಹಿಸಿಕೊಳ್ಳಿ. ನನ್ನ ಮುದ್ರಣ ಕೆಲಸದ ಜಾಲತಾಣದ ನಮೂನೆ ನಾನು ಬಿಟ್ಟುಬಿಟ್ಟ ಇಮೇಲ್‌ಗೆ ಹೋಗುತ್ತಿತ್ತು. ತೆರೆದು ನೋಡಿದಾಗ ಹದಿನಾಲ್ಕು ಮಂದಿ ಉತ್ತರಕ್ಕೆ ಕಾದು ಬೇಸತ್ತಿದ್ದರು. ಒಬ್ಬರದು ಮದುವೆಯ ಕರೆಯೋಲೆ, ಆ ಮದುವೆ ಆಗಿಯೇ ಹೋಗಿತ್ತು.

ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲೂ ವೇಳೆ ತಿದ್ದಿ. ನಕ್ಷೆಯಲ್ಲಿ ಕಾಣುವುದು ಅದೇ. ಒಂದೆರಡು ದಿನದ ರಜೆಗೆ ಅಲ್ಲಿ ಬೇರೆಯೇ ಅಂಕಣವಿದೆ.

ಅರ್ಧವಿರಾಮ:
ಮೇಲಿನವರು ಹೇಳದೆ ಬಿಟ್ಟದ್ದು: 2019ರಿಂದ ಮುಟ್ಟಿಲ್ಲವೆಂದರೆ ಪ್ಲಗಿನ್‌ಗಳೂ (ವರ್ಡ್‌ಪ್ರೆಸ್‌ಗೆ ಜೋಡಿಸುವ ಪುಟ್ಟ ತಂತ್ರಾಂಶಗಳು) ಅಂದಿನವೇ ಇರಬೇಕು. ಕಳ್ಳರು ನುಗ್ಗುವುದು ಹೆಚ್ಚಾಗಿ ಆ ಕಿಂಡಿಯಿಂದಲೇ. ಕಡತಗಳು, ಡೇಟಾಬೇಸ್ ಎರಡರ ಪ್ರತಿಯನ್ನೂ ತೆಗೆದಿಟ್ಟುಕೊಂಡ ಮೇಲೆಯೇ ಅಪ್‌ಡೇಟ್ ಮಾಡಿ. ಬಳಸದ ಪ್ಲಗಿನ್ ಅಳಿಸಿಬಿಡಿ. ವರ್ಡ್‌ಪ್ರೆಸ್‌ನ 2020ರ 5.5ನೇ ಆವೃತ್ತಿಯಿಂದ ಪ್ಲಗಿನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವಂತೆ ಹೊಂದಿಸಬಹುದು. ಪುಟಗಳ ವಿಳಾಸವನ್ನು ಮಾತ್ರ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದಕ್ಕೆ ಬಂದವರನ್ನು ತಾನಾಗಿಯೇ ಹೊಸದಕ್ಕೆ ಕಳುಹಿಸುವ 301 ರೀಡೈರೆಕ್ಟ್ ಹಾಕಿ.

ಬರೆಯಲು ಏನೂ ಇಲ್ಲವೆಂದು ನನಗೆ ಅನಿಸುವುದಿಲ್ಲ. ಜನ ಫೋನಿನಲ್ಲಿ ನಿಮ್ಮನ್ನು ಪದೇ ಪದೇ ಕೇಳುವುದು ಏನು?

ಸೂಜಿದಾರ:
ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗುತ್ತದೆ, ಬಾಬಿನ್ ಕೆಟ್ಟಿದೆಯೇ ಎಂದು. ಕೆಟ್ಟಿರುವುದು ಅಪರೂಪ. ಮೇಲಿನ ದಾರ, ಅದನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಕೂತಿರುವುದಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್ ಮೇಲೆತ್ತಿ ದಾರ ಪೋಣಿಸಿದರೆ ತಟ್ಟೆಗಳು ಬಿಚ್ಚಿಕೊಂಡು ದಾರ ಒಳಗಿಳಿಯುತ್ತದೆ.

ಅರ್ಧವಿರಾಮ:
ಇದೇ ನೋಡಿ. ಇಷ್ಟನ್ನೇ, ಹೀಗೆಯೇ ಹಾಕಿ. ನಿಮ್ಮ ಕೈ ಕಾಣುವ ಒಂದು ಫೋಟೊ ಜೊತೆಗಿರಲಿ. ಎಲ್ಲಿಂದಲೋ ಇಳಿಸಿಕೊಂಡ ನಗುಮುಖದ ಚಿತ್ರ ಬೇಡ.

ಸೂಜಿದಾರ:
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಸೋಮವಾರದ ಸುಳ್ಳು ಎರಡೂ ಕಡೆ ಹೋಯಿತು. ಪ್ಲಗಿನ್ ಹನ್ನೊಂದಿದ್ದವು, ಈಗ ನಾಲ್ಕಿವೆ. ದಾರದ ಗಂಟಿನ ಎಂಟು ಸಾಲು ಓದಿದವರೊಬ್ಬರು ಯಂತ್ರ ತಾವೇ ಸರಿಮಾಡಿಕೊಂಡೆವೆಂದು ಫೋನ್ ಮಾಡಿದರು. ಒಂದು ರಿಪೇರಿ ಕೈಬಿಟ್ಟಿತೆಂದುಕೊಳ್ಳುವಷ್ಟರಲ್ಲಿ, ಮೋಟಾರಿನ ಬೆಲ್ಟ್ ಸಿಗುತ್ತದೆಯೇ ಎಂದು ಕೇಳಿದರು. ಸಿಗುತ್ತದೆ. ಜಾಲತಾಣದಲ್ಲಿ ಎಲ್ಲಿಯೂ ಹೇಳಿಲ್ಲ. ಮುಂದಿನ ತಿಂಗಳ ಒಂದು ಗಂಟೆ ಅದಕ್ಕೆ.